ನಡುವೆಯೇ ಮುಗಿದುಹೋದ ಸ್ಟ್ರೀಮ್: ಬಿಐಒ ಸರಪಳಿಯಲ್ಲಿ ಬಾಲ ಕಳೆದುಕೊಂಡ ಫೈಲ್‌ಗಳ ಪ್ರಕರಣ

ಸಿ ಭಾಷೆಯಲ್ಲಿ ಬರೆದ ಒಂದು ಸಂಗ್ರಹ ಸಾಧನ. ದೊಡ್ಡ ಪಠ್ಯ ಲಾಗ್‌ಗಳನ್ನು ಎನ್‌ಕ್ರಿಪ್ಟ್ ಮಾಡಿ ಇಡುವುದು, ಬೇಕೆಂದಾಗ ಡಿಕ್ರಿಪ್ಟ್ ಮಾಡಿ ಕೊಡುವುದು, ಇಷ್ಟೇ ಅದರ ಕೆಲಸ. ಅದನ್ನು ನೋಡಿಕೊಳ್ಳುತ್ತಿದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು ಜನರ ತಂಡ. ಸಮಸ್ಯೆ ಕೈಮೀರಿದ ಮೇಲೆ ಹೊರಗಿನ ಪರಿಶೀಲಕನಾಗಿ ನನ್ನನ್ನು ಕರೆದರು. ಸಂಸ್ಥೆ, ಸಾಧನ, ವ್ಯಕ್ತಿಗಳ ಗುರುತು ಹಿಡಿಯುವಂಥ ವಿವರಗಳನ್ನು ಇಲ್ಲಿ ಕೈಬಿಟ್ಟಿದ್ದೇನೆ. ಕೋಡ್ ಹೇಗೆ ನಡೆದುಕೊಂಡಿತು ಎಂಬುದನ್ನು ಮಾತ್ರ ಇದ್ದದ್ದು ಇದ್ದಂತೆ ಇಟ್ಟಿದ್ದೇನೆ.

ಸರಪಳಿ ಹೇಗಿತ್ತು

ಸಾಧನ ಬಳಸುತ್ತಿದ್ದದ್ದು ಎನ್‌ಕ್ರಿಪ್ಶನ್ ಕೆಲಸಗಳಿಗೆಂದೇ ಇರುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ. ಅದರಲ್ಲಿ ಇನ್‌ಪುಟ್ ಮತ್ತು ಔಟ್‌ಪುಟ್ ಎಲ್ಲಕ್ಕೂ ಬಿಐಒ ಎಂಬ ಒಂದೇ ಮುಖವಾಡವಿದೆ. ಓಪನ್‌ಎಸ್‌ಎಸ್‌ಎಲ್ 1998ರಲ್ಲಿ ಶುರುವಾಗುವ ಮೊದಲೇ, ಅದರ ಪೂರ್ವಜ ಎಸ್‌ಎಸ್‌ಎಲ್‌ಇವೈ ಕಾಲದಿಂದ ಬಂದ ವಿನ್ಯಾಸ ಇದು. ಬಿಐಒಗಳಲ್ಲಿ ಎರಡು ಬಗೆ. ಫೈಲ್, ಸಾಕೆಟ್, ಮೆಮೊರಿಗಳಂಥವು ಸರಪಳಿಯ ತುದಿಯಲ್ಲಿ ಕುಳಿತು ಡೇಟಾವನ್ನು ನಿಜಕ್ಕೂ ಓದುತ್ತವೆ, ಬರೆಯುತ್ತವೆ. ಸೈಫರ್ (ಎನ್‌ಕ್ರಿಪ್ಟ್ ಮಾಡುವುದು), ಡೈಜೆಸ್ಟ್ (ಡೇಟಾದ ಬೆರಳಚ್ಚಿನಂಥ ಮೌಲ್ಯ ಲೆಕ್ಕಹಾಕುವುದು), ಬೇಸ್64 (ಬೈಟ್‌ಗಳನ್ನು ಅಕ್ಷರಗಳಾಗಿಸುವುದು), ಬಫರ್ (ಬರೆಯುವ ಮುನ್ನ ಕೂಡಿಟ್ಟುಕೊಳ್ಳುವುದು) ಇಂಥವು ಫಿಲ್ಟರ್‌ಗಳು. ಮೇಲಿನಿಂದ ಬಂದದ್ದಕ್ಕೆ ತಮ್ಮ ಸಂಸ್ಕಾರ ಮಾಡಿ ಕೆಳಗಿನದಕ್ಕೆ ಕಳುಹಿಸುತ್ತವೆ. ಒಂದರ ಕೆಳಗೊಂದು ಜೋಡಿಸಿದರೆ ಸರಪಳಿ ಸಿದ್ಧ.

ಇಲ್ಲಿ ಬರೆಯುವ ಬದಿಯ ಸರಪಳಿ ಮೇಲಿನಿಂದ ಕೆಳಕ್ಕೆ ಹೀಗಿತ್ತು: ಡೈಜೆಸ್ಟ್ (ಎಸ್‌ಎಚ್‌ಎ-256), ಅದರ ಕೆಳಗೆ ಸೈಫರ್ (ಎಇಎಸ್-256; ಡೇಟಾವನ್ನು 16 ಬೈಟ್‌ಗಳ ಬ್ಲಾಕ್‌ಗಳಾಗಿಸಿ ಒಂದಕ್ಕೊಂದು ಹೆಣೆಯುವ ಸಿಬಿಸಿ ವಿಧಾನ), ಅದರ ಕೆಳಗೆ ಬಫರ್, ಕೊನೆಗೆ ಫೈಲ್. ಫೈಲ್‌ನ ಮೊದಲ 64 ಬೈಟ್ ಹೆಡರ್: ಗುರುತಿನ 8 ಬೈಟ್, ಎನ್‌ಕ್ರಿಪ್ಶನ್‌ನ ಆರಂಭಿಕ ಮೌಲ್ಯವಾದ ಐವಿಗೆ 16, ಮೂಲ ಪಠ್ಯದ ಡೈಜೆಸ್ಟ್‌ಗೆ 32, ಮೂಲ ಪಠ್ಯದ ಉದ್ದಕ್ಕೆ 8. ಡೈಜೆಸ್ಟ್ ಮತ್ತು ಉದ್ದ ಎರಡೂ ಗೊತ್ತಾಗುವುದು ಕೊನೆಯಲ್ಲಿ. ಆದ್ದರಿಂದ ಆ 40 ಬೈಟ್‌ಗಳ ಜಾಗದಲ್ಲಿ ಮೊದಲು ಸೊನ್ನೆ ತುಂಬಿ, ಎಲ್ಲ ಮುಗಿದ ಮೇಲೆ 24ನೇ ಬೈಟ್‌ಗೆ ಸೀಕ್ ಮಾಡಿ (ಬರೆಯುವ ಸ್ಥಾನವನ್ನು ಅಲ್ಲಿಗೆ ಸರಿಸಿ) ನಿಜವಾದ ಮೌಲ್ಯಗಳನ್ನು ಬರೆಯಬೇಕಿತ್ತು. ಔಟ್‌ಪುಟ್ ಫೈಲ್‌ಗೆ ಬದಲು ಪೈಪ್‌ಗೆ, ಅಂದರೆ ನೇರವಾಗಿ ಇನ್ನೊಂದು ಪ್ರೋಗ್ರಾಂಗೆ ಹೋಗುತ್ತಿದ್ದರೆ ಹಿಂದೆ ಸರಿಯಲು ಆಗುವುದಿಲ್ಲ. ಅಂಥ ಸಂದರ್ಭದಲ್ಲಿ ಸೊನ್ನೆಗಳನ್ನು ಹಾಗೇ ಬಿಡುವುದು, ಓದುವ ಬದಿ ಸೊನ್ನೆ ಕಂಡರೆ ತಾಳೆ ನೋಡದೆ ಮುಂದುವರಿಯುವುದು, ಇದು ವಿನ್ಯಾಸದಲ್ಲೇ ಇದ್ದ ರಿಯಾಯಿತಿ.

ಕೀಲಿ ಇಲ್ಲದ ಬರೀ ಡೈಜೆಸ್ಟ್ ಯಾರಾದರೂ ಬೇಕೆಂದೇ ಫೈಲ್ ತಿದ್ದಿದರೆ ರಕ್ಷಣೆ ಕೊಡುವುದಿಲ್ಲ, ಅದಕ್ಕೆ ಕೀಲಿ ಬಳಸಿ ತಾಳೆ ನೋಡುವ ಎಚ್‌ಮ್ಯಾಕ್ ಅಥವಾ ಜಿಸಿಎಂ ಬೇಕು ಎಂಬುದು ತಂಡಕ್ಕೂ ಗೊತ್ತಿತ್ತು. ಹಳೆಯ ಸ್ವರೂಪ ಆನುವಂಶಿಕವಾಗಿ ಬಂದದ್ದು, ಆಕಸ್ಮಿಕ ಹಾನಿಯನ್ನಾದರೂ ಅದು ಹಿಡಿಯುತ್ತದೆ ಎಂದು ಸಮಾಧಾನಪಟ್ಟುಕೊಂಡಿದ್ದರು. ಅದನ್ನೂ ಹಿಡಿಯುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ದೂರು

ಒಂದು ಹೊಸ ಆವೃತ್ತಿ ಹೊರಬಂದ ಕೆಲವು ವಾರಗಳಲ್ಲಿ ದೂರುಗಳು ಬರತೊಡಗಿದವು. ಡಿಕ್ರಿಪ್ಟ್ ಮಾಡಿದ ಲಾಗ್‌ಗಳ ಕೊನೆಯ ಸಾಲು ಅರ್ಧಕ್ಕೇ ನಿಂತಿದೆ. ಪ್ರತಿ ಲಾಗ್‌ನ ಕೊನೆಯಲ್ಲಿ ಒಟ್ಟು ದಾಖಲೆಗಳ ಸಂಖ್ಯೆ ಹೇಳುವ ಸಾಲು ಇರಬೇಕಿತ್ತು. ಅದು ತುಂಡಾಗಿರುವುದರಿಂದ ಮುಂದಿನ ಪ್ರೋಗ್ರಾಂ ಫೈಲನ್ನೇ ತಿರಸ್ಕರಿಸುತ್ತಿದೆ. ಸಾಧನ ಮಾತ್ರ ಪ್ರತಿ ಸಲವೂ ಯಶಸ್ವಿ ಎಂದೇ ವರದಿ ಮಾಡುತ್ತಿದೆ. ಚಿಕ್ಕ ಫೈಲ್‌ಗಳಲ್ಲಿ ತೊಂದರೆ ಇಲ್ಲ.

ಆ ಆವೃತ್ತಿಯಲ್ಲಿ ಬದಲಾಗಿದ್ದದ್ದು ಹೆಚ್ಚೇನೂ ಅಲ್ಲ. ದೀರ್ಘ ಕೆಲಸಗಳ ನಡುವೆ ವಿದ್ಯುತ್ ಹೋದರೆ ಅಲ್ಲಿಯವರೆಗಿನದಾದರೂ ಉಳಿಯಲಿ ಎಂಬ ಸದುದ್ದೇಶದಿಂದ ಪ್ರತಿ 8 ಎಂಬಿ ಬರೆದಾಗಲೊಮ್ಮೆ ಸರಪಳಿಯ ಮೇಲ್ತುದಿಯಲ್ಲಿ ಬಿಐಒ ಫ್ಲಶ್ ಕರೆಯುವ ಎರಡು ಸಾಲು ಸೇರಿಸಿದ್ದರು. ಕೋಡ್ ಪರಿಶೀಲಿಸಿದವರು ಯಾರೂ ಅದಕ್ಕೆ ಆಕ್ಷೇಪ ಎತ್ತಿರಲಿಲ್ಲ. ಎತ್ತುವುದಾದರೂ ಏಕೆ? ಸಿ ಬರೆಯುವವರಿಗೆ ಫ್ಲಶ್ ಎಂದರೆ ಎಫ್‌ಫ್ಲಶ್, ಬಫರ್‌ನಲ್ಲಿ ಕೂಡಿಟ್ಟದ್ದನ್ನು ಹೊರಗೆ ತಳ್ಳುವ ಕರೆ. ಎಷ್ಟು ಸಲ ಕರೆದರೂ ವೇಗ ಸ್ವಲ್ಪ ಕುಗ್ಗಬಹುದೇ ಹೊರತು ಬೇರೆ ಹಾನಿ ಇಲ್ಲ.

ಮದ್ದೇ ರೋಗ ಹೆಚ್ಚಿಸಿದ ಬಗೆ

ಬಾಲ ಕಾಣೆಯಾಗಿದೆ ಎಂದೊಡನೆ ಎಲ್ಲರಿಗೂ ಹೊಳೆದದ್ದು ಒಂದೇ: ಎಲ್ಲೋ ಒಂದು ಫ್ಲಶ್ ತಪ್ಪಿಹೋಗಿದೆ. ಸರಪಳಿಯನ್ನು ಮುಕ್ತಗೊಳಿಸುವ ಮೊದಲು ಇನ್ನೊಂದು ಫ್ಲಶ್ ಸೇರಿಸಿದರು. ಪರಿಣಾಮ ಶೂನ್ಯ. ಬರೆಯುವ ಬಫರ್‌ಗಳಲ್ಲಿ ಏನಾದರೂ ಉಳಿದಿದೆಯೇ ಎಂದು ಡಬ್ಲ್ಯೂಪೆಂಡಿಂಗ್ ಎಂಬ ಕರೆಯಿಂದ ಕೇಳಿ ನೋಡಿದರು, ಉತ್ತರ 0. ಈ ಸೊನ್ನೆಯನ್ನು ನಂಬಿದ್ದರಿಂದ ತನಿಖೆ ಸ್ವಲ್ಪ ಕಾಲ ದಾರಿ ತಪ್ಪಿತು. ಡಬ್ಲ್ಯೂಪೆಂಡಿಂಗ್ ಹೇಳುವುದು ಆಯಾ ಬಿಐಒ ತನ್ನ ಔಟ್‌ಪುಟ್ ಬಫರ್‌ನಲ್ಲಿ ಇಟ್ಟುಕೊಂಡದ್ದನ್ನು. ಸೈಫರ್‌ನ ಒಳಗೆ 16 ಬೈಟ್‌ಗಳ ಬ್ಲಾಕ್ ತುಂಬಲೆಂದು ಕಾಯುತ್ತಿರುವ ಚೂರುಪಾರು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಸರಪಳಿ ಖಾಲಿ ಎನ್ನುತ್ತಿತ್ತು, ಸೈಫರ್ ಬಾಯಲ್ಲಿ ತುತ್ತು ಇಟ್ಟುಕೊಂಡೇ ಇತ್ತು.

ಹಿರಿಯ ಎಂಜಿನಿಯರ್ ಒಬ್ಬರು ಡಿಸ್ಕ್ ಮೇಲೆ ಅನುಮಾನಪಟ್ಟು, 8 ಎಂಬಿ ಎಂಬ ಅಂತರ ಹೆಚ್ಚಾಯಿತು, 1 ಎಂಬಿಗೆ ಇಳಿಸೋಣ ಎಂದರು. ಇಳಿಸಿದ ಆವೃತ್ತಿ ಹೋಯಿತು. ದೂರುಗಳು ಕಡಿಮೆಯಾಗುವ ಬದಲು ಹೆಚ್ಚಾದವು. ಅಲ್ಲಿಯವರೆಗೆ ನೆಟ್ಟಗಿದ್ದ ಎರಡು ಮೂರು ಎಂಬಿಯ ಫೈಲ್‌ಗಳೂ ಈಗ ಬಾಲ ಕಳೆದುಕೊಳ್ಳತೊಡಗಿದವು.

ಇಡೀ ಪ್ರಕರಣ ತಿರುವು ಪಡೆದದ್ದು ಇಲ್ಲಿ. ತಂಡಕ್ಕೆ ಹೊಸದಾಗಿ ಸೇರಿದ್ದ ಎಂಜಿನಿಯರ್ ದೂರುಗಳಲ್ಲಿದ್ದ ಫೈಲ್‌ಗಳ ಗಾತ್ರವನ್ನು ಆವೃತ್ತಿವಾರು ಬರೆದಿಟ್ಟು ನೋಡಿದರು. ಮೊದಲ ಆವೃತ್ತಿಯಲ್ಲಿ ಕೆಟ್ಟವುಗಳಲ್ಲಿ 8 ಎಂಬಿಗಿಂತ ಚಿಕ್ಕದು ಒಂದೂ ಇಲ್ಲ. ಎರಡನೆಯದರಲ್ಲಿ 1 ಎಂಬಿಗಿಂತ ಚಿಕ್ಕದು ಒಂದೂ ಇಲ್ಲ. ರೋಗದ ಗಡಿ ಫ್ಲಶ್‌ನ ಗಡಿಯ ಜೊತೆಗೇ ಸರಿದಿತ್ತು. ಫ್ಲಶ್ ಸಾಲದೆ ತೊಂದರೆಯಾಗಿಲ್ಲ, ಫ್ಲಶ್‌ನಿಂದಲೇ ಆಗಿದೆ ಎಂಬ ಮಾತು ಮೊದಲ ಬಾರಿಗೆ ಸಭೆಯಲ್ಲಿ ಬಂತು. ಒಪ್ಪಿಕೊಳ್ಳಲು ಕೆಲವರಿಗೆ ಕಷ್ಟವಾಯಿತು. ತೊಂದರೆಗೊಂದು ಮಿತಿ ಕಾಣುತ್ತಿದ್ದರೆ ಕೋಡ್‌ನಲ್ಲಿರುವ ಅದೇ ಸಂಖ್ಯೆಯನ್ನು ಹುಡುಕಬೇಕು. ಇಲ್ಲಿ ಸಂಖ್ಯೆಯನ್ನು ಬದಲಿಸಿದ್ದು ಬೇರೆ ಉದ್ದೇಶಕ್ಕೆ, ಫಲ ಕೊಟ್ಟದ್ದು ಬೇರೆ ರೀತಿಯಲ್ಲಿ.

36 ಬೈಟ್‌ಗಳ ಪ್ರಯೋಗ

ನಾನು ಸೇರಿಕೊಂಡದ್ದು ಈ ಹಂತದಲ್ಲಿ. ದೊಡ್ಡ ಫೈಲ್‌ಗಳನ್ನು ಬದಿಗಿಟ್ಟು, ಫ್ಲಶ್‌ನ ಅಂತರವನ್ನು 16 ಬೈಟ್‌ಗೆ ಇಳಿಸಿ, ಕಣ್ಣಿಗೆ ಕಾಣುವಷ್ಟು ಚಿಕ್ಕ ಇನ್‌ಪುಟ್ ಕೊಟ್ಟೆವು: ಇಂಗ್ಲಿಷ್‌ನ 26 ಅಕ್ಷರಗಳು, ಆಮೇಲೆ 0ಯಿಂದ 9ರವರೆಗಿನ 10 ಅಂಕೆಗಳು. ಒಟ್ಟು 36 ಬೈಟ್. ಮೊದಲು 16 ಬೈಟ್ ಬರೆದು ಫ್ಲಶ್, ನಂತರ ಉಳಿದ 20 ಬರೆದು ಫ್ಲಶ್.

ಸಿಬಿಸಿಯಲ್ಲಿ ಕೊನೆಯ ಬ್ಲಾಕ್ ಭರ್ತಿ ಮಾಡಲು ಸೇರಿಸುವ ಬೈಟ್‌ಗಳೇ ಪ್ಯಾಡಿಂಗ್; ಎಷ್ಟು ಬೈಟ್ ಸೇರಿಸಿದೆಯೋ ಆ ಸಂಖ್ಯೆಯೇ ಪ್ರತಿ ಬೈಟ್‌ನ ಮೌಲ್ಯ. 36 ಬೈಟ್‌ಗೆ ಅದು ಸೇರಿದರೆ 48 ಆಗಬೇಕು. ಹೆಡರ್ ಬಿಟ್ಟು ಅಳೆದರೆ ಸರಿಯಾಗಿ 48 ಇತ್ತು. ಗಾತ್ರ ನೋಡಿ ತೃಪ್ತಿಪಡುವ ಪರೀಕ್ಷೆಯಾಗಿದ್ದರೆ ಇಲ್ಲಿಗೇ ಹಸಿರು ದೀಪ. ನಾವು ಹೆಡರ್ ಕತ್ತರಿಸಿ, ಓಪನ್‌ಎಸ್‌ಎಸ್‌ಎಲ್‌ನ ಕಮಾಂಡ್‌ನಲ್ಲಿ ಪ್ಯಾಡಿಂಗ್ ತಪಾಸಣೆಯನ್ನು ನಿಲ್ಲಿಸುವ ನೋಪ್ಯಾಡ್ ಆಯ್ಕೆ ಕೊಟ್ಟು ಡಿಕ್ರಿಪ್ಟ್ ಮಾಡಿ, ಬೈಟ್‌ಗಳನ್ನು ಹೆಕ್ಸ್‌ನಲ್ಲಿ (ಹದಿನಾರರ ಆಧಾರದ ಸಂಖ್ಯೆಗಳಲ್ಲಿ) ನೋಡಿದೆವು. ಮೊದಲ ಬ್ಲಾಕ್‌ನಲ್ಲಿ ಎ ಯಿಂದ ಪಿ ವರೆಗಿನ ಅಕ್ಷರಗಳು, ಸರಿ. ಎರಡನೇ ಬ್ಲಾಕ್ ಪೂರ್ತಿ ಒಂದೇ ಮೌಲ್ಯ: ಹೆಕ್ಸ್‌ನ 10, ಅಂದರೆ 16, 16, 16, ಹದಿನಾರು ಸಲ. ಮೂರನೆಯದರಲ್ಲಿ ಕ್ಯೂ ನಿಂದ ಝಡ್, ಜೊತೆಗೆ 0 ಯಿಂದ 5. ಅಷ್ಟೇ. 6, 7, 8, 9 ಎಲ್ಲೂ ಇಲ್ಲ.

ಎರಡನೇ ಬ್ಲಾಕ್ ಏನೆಂದು ಆ ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಾಯಿತು. ಬ್ಲಾಕ್ ಪೂರ್ತಿ ತುಂಬಿರುವಾಗ ಸಂದೇಶ ಮುಗಿದರೆ ಸೇರಿಸುವ ಪ್ಯಾಡಿಂಗ್ ಅದು. ಅಂದರೆ ಮೊದಲ ಫ್ಲಶ್ ಬಂದೊಡನೆ ಸೈಫರ್ ಫಿಲ್ಟರ್ ಸಂದೇಶ ಮುಗಿಯಿತೆಂದು ತಿಳಿದು ಅಂತಿಮ ಬ್ಲಾಕನ್ನು ಹೊರಹಾಕಿತ್ತು. ಲೈಬ್ರರಿಯ ಮೂಲ ಕೋಡ್ ತೆರೆದರೆ ಗುಟ್ಟೇನೂ ಇರಲಿಲ್ಲ. ಸೈಫರ್ ಫಿಲ್ಟರ್ ತನ್ನೊಳಗೆ ‘ಮುಗಿದಿದೆ’ ಎಂಬ ಒಂದು ಗುರುತು ಇಟ್ಟುಕೊಂಡಿರುತ್ತದೆ. ಫ್ಲಶ್ ಬಂದಾಗ ಆ ಗುರುತು ಇಲ್ಲದಿದ್ದರೆ ಅದನ್ನು ಹಾಕಿ, ಅಂತಿಮ ಬ್ಲಾಕ್ ತಯಾರಿಸಿ ಕೆಳಗೆ ತಳ್ಳುತ್ತದೆ. ಗುರುತು ಈಗಾಗಲೇ ಇದ್ದರೆ ಅಂತಿಮ ಬ್ಲಾಕಿನ ಗೊಡವೆಗೇ ಹೋಗದೆ ಕೆಳಗಿನ ಬಿಐಒಗೆ ಫ್ಲಶ್ ದಾಟಿಸುತ್ತದೆ. ಹಾಗಾಗಿ ಒಂದು ಫೈಲ್‌ಗೆ ಒಂದೇ ಅನಗತ್ಯ ಪ್ಯಾಡಿಂಗ್ ಬ್ಲಾಕ್, ಅದೂ ಮೊದಲ ಫ್ಲಶ್ ಆದ ಜಾಗದಲ್ಲಿ. ನಿಜವಾಗಿಯೂ ಕೊನೆಯಾದಾಗ ಬಂದ ಫ್ಲಶ್‌ಗೆ ಮಾಡಲು ಕೆಲಸವೇ ಉಳಿದಿರಲಿಲ್ಲ. ಅರ್ಧ ತುಂಬಿದ ಬ್ಲಾಕ್ ಒಳಗೇ ಸತ್ತಿತು.

ಲಕೋಟೆಗೆ ಅಂಟು ಹಾಕಿದ ಮೇಲೆ ಹೊರಮೈಯ ಮೇಲೆ ಪತ್ರ ಮುಂದುವರಿಸಿದಂತೆ ಆಗಿತ್ತು.

ಕೈಪಿಡಿಯಲ್ಲಿ ಇದು ಮುಚ್ಚಿಟ್ಟ ವಿಷಯವಲ್ಲ. ಬಿಐಒ ನಿಯಂತ್ರಣ ಫಂಕ್ಷನ್‌ಗಳ ಪುಟದಲ್ಲಿ, ಫ್ಲಶ್ ಸಾಮಾನ್ಯವಾಗಿ ಒಳಗೆ ಕೂಡಿಟ್ಟದ್ದನ್ನು ಹೊರಗೆ ಬರೆಯುತ್ತದೆ, ಕೆಲವೆಡೆ ಇನ್ನು ಡೇಟಾ ಬರುವುದಿಲ್ಲ ಎಂಬ ಸೂಚನೆಯಾಗಿಯೂ ಬಳಕೆಯಾಗುತ್ತದೆ ಎಂದಿದೆ. ಆ ‘ಕೆಲವೆಡೆ’ಗಳಲ್ಲಿ ಸೈಫರ್ ಒಂದು, ಬೇಸ್64 ಇನ್ನೊಂದು. ಒಂದೇ ಹೆಸರಿನ ಕರೆಗೆ ಬಫರ್‌ನಲ್ಲಿ ‘ತಳ್ಳು’ ಎಂಬ ಅರ್ಥ, ಸೈಫರ್‌ನಲ್ಲಿ ‘ಮುಗಿಸು’ ಎಂಬ ಅರ್ಥ. ಕೈಪಿಡಿಯನ್ನು ಓದದ್ದಕ್ಕೆ ತಂಡವನ್ನು ದೂರಲು ನನಗೆ ಮನಸ್ಸಿಲ್ಲ. ಗೊತ್ತಿದೆ ಎಂದುಕೊಂಡ ಪದದ ಅರ್ಥ ಹುಡುಕಲು ಯಾರೂ ಕೈಪಿಡಿ ತೆಗೆಯುವುದಿಲ್ಲ.

ಓದುವ ಬದಿ ಸುಮ್ಮನಿದ್ದದ್ದೇಕೆ

ಬರೆದವರು ತಪ್ಪಿದರು ಸರಿ, ಓದುವವರಿಗೆ ಎರಡು ಕಾವಲುಗಳಿದ್ದವು. ಪ್ಯಾಡಿಂಗ್ ತಪಾಸಣೆ ಒಂದು, ಡೈಜೆಸ್ಟ್ ಇನ್ನೊಂದು. ಎರಡೂ ನಿದ್ದೆ ಹೋಗಿದ್ದವು, ಕಾರಣ ಮಾತ್ರ ಬೇರೆ ಬೇರೆ.

ಡಿಕ್ರಿಪ್ಟ್ ಮಾಡುವಾಗ ಲೈಬ್ರರಿ ಕೊನೆಯ ಬ್ಲಾಕನ್ನು ತಡೆದಿಟ್ಟುಕೊಂಡು, ಇನ್‌ಪುಟ್ ಮುಗಿದ ಮೇಲೆ ಅದರ ಪ್ಯಾಡಿಂಗ್ ನೋಡುತ್ತದೆ. ನಮ್ಮ ಪ್ರಯೋಗದಲ್ಲಿ ಕೊನೆಯ ಬ್ಲಾಕ್ 5 ಎಂಬ ಅಂಕೆಯಲ್ಲಿ ಮುಗಿದಿತ್ತು, ಪ್ಯಾಡಿಂಗ್ ಇರಲಿಲ್ಲ. ಹಾಗಾಗಿ ತಪಾಸಣೆ ವಿಫಲವಾಗಿ ಆ ಬ್ಲಾಕ್ ಕೂಡ ಕೈಗೆ ಬರಲಿಲ್ಲ. ಸಾಧನದ ಓದುವ ಬದಿಯಿಂದ ಹೊರಬಂದದ್ದು 32 ಬೈಟ್: ಎ ಯಿಂದ ಪಿ, ಆಮೇಲೆ ಹದಿನಾರು ಅದೃಶ್ಯ ನಿಯಂತ್ರಣ ಅಕ್ಷರಗಳು. ಈ ವಿಫಲತೆಯನ್ನು ಬಿಐಒ ಹೇಗೆ ತಿಳಿಸುತ್ತದೆ? ಓದುವ ಕರೆ 0 ಹಿಂತಿರುಗಿಸುತ್ತದೆ. ಎಲ್ಲ ಸರಿಯಾಗಿ ಮುಗಿದಾಗಲೂ ಕೊನೆಯ ಓದು ಹಿಂತಿರುಗಿಸುವುದು 0. ಎರಡನ್ನೂ ಬೇರ್ಪಡಿಸಲು ಸೈಫರ್ ಸ್ಟೇಟಸ್ ಎಂಬ ಪ್ರತ್ಯೇಕ ಕರೆಯನ್ನು ಮಾಡಲೇಬೇಕು ಎಂದು ಕೈಪಿಡಿ ಹೇಳುತ್ತದೆ. ಸಾಧನದ ಓದುವ ಲೂಪ್ ಸೊನ್ನೆಗಿಂತ ಹೆಚ್ಚು ಬರುತ್ತಿರುವವರೆಗೂ ಓದಿ, ನಿಂತ ಕೂಡಲೇ ಯಶಸ್ವಿ ಎಂದು ಬರೆದುಬಿಡುತ್ತಿತ್ತು. ಲೈಬ್ರರಿಯ ದೋಷ ಸರತಿಯಲ್ಲಿ ಡಿಕ್ರಿಪ್ಟ್ ವಿಫಲ ಎಂಬ ದಾಖಲೆ ಬಿದ್ದಿತ್ತು, ಎತ್ತಿ ನೋಡುವವರು ಇರಲಿಲ್ಲ.

ಡೈಜೆಸ್ಟ್‌ನ ಕತೆ ಇನ್ನೂ ವಿಚಿತ್ರ. ಕೆಟ್ಟ ಫೈಲ್‌ಗಳ ಹೆಡರ್‌ನಲ್ಲಿ ಡೈಜೆಸ್ಟ್ ಜಾಗದ ತುಂಬ ಸೊನ್ನೆ. ಸರಿ, ಒಳ್ಳೆಯ ಫೈಲ್‌ಗಳನ್ನು ನೋಡೋಣ ಎಂದರೆ ಅಲ್ಲೂ ಸೊನ್ನೆ. ವರ್ಷಗಳ ಹಿಂದಿನ ಫೈಲ್ ತೆಗೆದರೂ ಅದೇ. ಗ್ರಾಹಕರ ಕೈಯಲ್ಲಿದ್ದ ಒಂದೇ ಒಂದು ಫೈಲ್‌ನಲ್ಲೂ ಡೈಜೆಸ್ಟ್ ಇರಲಿಲ್ಲ. ಆದರೆ ಡೈಜೆಸ್ಟ್ ಪರೀಕ್ಷಿಸುವ ಸ್ವಯಂಚಾಲಿತ ಪರೀಕ್ಷೆ ಪ್ರತಿದಿನ ಪಾಸಾಗುತ್ತಿತ್ತು, ಪ್ರಾಮಾಣಿಕವಾಗಿಯೇ.

ಸಂಬಂಧಪಟ್ಟ ಸಾಲು ಹೀಗಿತ್ತು: ಸರಪಳಿಯ ಮೇಲೆ 24ಕ್ಕೆ ಸೀಕ್ ಮಾಡು, ಬಂದ ಉತ್ತರ 0 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಇದು ಪೈಪ್ ಎಂದು ತಿಳಿದು ಹೆಡರ್ ಬಿಟ್ಟುಬಿಡು. ಬಿಐಒ ಸೀಕ್ ಗೆದ್ದಾಗ ಹೊಸ ಸ್ಥಾನವನ್ನು ಹಿಂತಿರುಗಿಸುತ್ತದೆ, ಸೋತಾಗ -1. ಇದಕ್ಕೆ ಒಂದು ಅಪವಾದವಿದೆ: ಫೈಲ್ ಬಿಐಒ ಗೆದ್ದಾಗ 0 ಹಿಂತಿರುಗಿಸುತ್ತದೆ, ಏಕೆಂದರೆ ಒಳಗೆ ಅದು ಕರೆಯುವುದು ಸಿ ಲೈಬ್ರರಿಯ ಎಫ್‌ಸೀಕ್. ಪರೀಕ್ಷೆಯಲ್ಲಿ ತಾತ್ಕಾಲಿಕ ಫೈಲ್ ಸೃಷ್ಟಿಸಲು ಎಂಕೆಸ್ಟೆಂಪ್ ಬಳಸಿದ್ದರು; ಅದು ಕೊಡುವುದು ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್‌ಗೆ ಆಪರೇಟಿಂಗ್ ಸಿಸ್ಟಂ ಕೊಡುವ ಸಂಖ್ಯೆ), ಆದ್ದರಿಂದ ಸರಪಳಿಯ ತುದಿಯಲ್ಲಿ ಡಿಸ್ಕ್ರಿಪ್ಟರ್ ಬಿಐಒ ಕುಳಿತಿತ್ತು. ಅಲ್ಲಿ ಸೀಕ್ ಎಂದರೆ ಎಲ್‌ಸೀಕ್, ಉತ್ತರ 24, ಎಲ್ಲ ಸುಸೂತ್ರ. ಗ್ರಾಹಕರ ಬಳಿ ಫೈಲ್ ಹೆಸರಿನಿಂದ ತೆರೆಯುತ್ತಿದ್ದುದರಿಂದ ಫೈಲ್ ಬಿಐಒ, ಉತ್ತರ 0. ಸೀಕ್ ಪ್ರತಿ ಸಲವೂ ಗೆಲ್ಲುತ್ತಿತ್ತು, ಸಾಧನ ಪ್ರತಿ ಸಲವೂ ಅದನ್ನು ಸೋಲೆಂದು ಬರೆದುಕೊಳ್ಳುತ್ತಿತ್ತು. ಆಮೇಲೆ ಓದುವ ಬದಿ ಸೊನ್ನೆ ಕಂಡು, ಪೈಪ್‌ನಿಂದ ಬಂದ ಫೈಲ್ ಇರಬೇಕು ಎಂದು ಉದಾರವಾಗಿ ಬಿಟ್ಟುಕೊಡುತ್ತಿತ್ತು.

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ದೊಡ್ಡ ದೋಷ ಫ್ಲಶ್ ಅಲ್ಲ, ಈ ಉದಾರತೆ. ಫ್ಲಶ್‌ನ ತಪ್ಪು ಒಂದು ಆವೃತ್ತಿಯದ್ದು. ಪರೀಕ್ಷಿಸಲು ಆಧಾರವಿಲ್ಲದಿದ್ದರೆ ಪಾಸು ಎಂಬ ನಿಯಮ ಮೊದಲ ದಿನದಿಂದಲೂ ಇತ್ತು, ಮುಂದೆ ಬರುವ ಯಾವ ತಪ್ಪನ್ನಾದರೂ ಮರೆಮಾಚಲು ತಯಾರಾಗಿ ಕಾದಿತ್ತು.

ಒಂದು ಅಡ್ಡದಾರಿ, ಗದ್ದಲದ ಸೋಲು

ಫ್ಲಶ್ ಸೈಫರನ್ನು ಮುಗಿಸುತ್ತದೆ ಎಂದು ಗೊತ್ತಾದ ಮೇಲೂ ಹಿರಿಯ ಎಂಜಿನಿಯರ್‌ಗೆ ನಡುನಡುವಿನ ಫ್ಲಶ್ ಬಿಡಲು ಇಷ್ಟವಿರಲಿಲ್ಲ. ವಿದ್ಯುತ್ ಹೋದರೆ ಎಂಬ ಚಿಂತೆ ನಿಜವಾದದ್ದೇ. ಫ್ಲಶ್ ಆದಮೇಲೆ ಸೈಫರ್ ಫಿಲ್ಟರ್ ಮೇಲೆ ರೀಸೆಟ್ ಕರೆದರೆ ‘ಮುಗಿದಿದೆ’ ಗುರುತು ಹೋಗಿ ಹೊಸದಾಗಿ ಶುರುವಾಗುತ್ತದೆಯಲ್ಲ ಎಂದರು. ಕೋಡ್ ಓದಿದರೆ ಆ ಮಾತು ಅರ್ಧ ನಿಜ. ಸೈಫರ್ ತನ್ನ ಗುರುತನ್ನು ಅಳಿಸಿಕೊಳ್ಳುತ್ತದೆ, ಆಮೇಲೆ ರೀಸೆಟ್ ಅನ್ನು ಕೆಳಕ್ಕೆ ದಾಟಿಸುತ್ತದೆ. ಬಫರ್ ತನ್ನನ್ನು ಖಾಲಿ ಮಾಡಿಕೊಂಡು ಇನ್ನೂ ಕೆಳಕ್ಕೆ ದಾಟಿಸುತ್ತದೆ. ಫೈಲ್ ಬಿಐಒಗೆ ರೀಸೆಟ್ ಎಂದರೆ ಆರಂಭಕ್ಕೆ ಹಿಂತಿರುಗು ಎಂದರ್ಥ. ಮುಂದಿನ ಬರಹ ನೇರವಾಗಿ ಹೆಡರ್ ಮೇಲೆ ಬಿತ್ತು. ಫೈಲ್ ಬಿಐಒ ರೀಸೆಟ್‌ಗೂ ಗೆದ್ದಾಗ 0 ಎನ್ನುವುದರಿಂದ ಸಾಧನ ‘ರೀಸೆಟ್ ವಿಫಲ’ ಎಂದು ಎಚ್ಚರಿಕೆ ಬರೆದು ಮುಂದುವರಿಯಿತು.

ಗುರುತಿನ 8 ಬೈಟ್‌ಗಳೇ ಅಳಿಸಿಹೋದದ್ದರಿಂದ ಓದುವ ಬದಿ ಮೊದಲ ಹೆಜ್ಜೆಯಲ್ಲೇ ಫೈಲನ್ನು ನಿರಾಕರಿಸಿತು. ಈ ಬದಲಾವಣೆ ಪರೀಕ್ಷೆಯ ಮೇಜನ್ನು ದಾಟಲಿಲ್ಲ. ಇಡೀ ಪ್ರಕರಣದಲ್ಲಿ ತಾನಾಗಿ ಕೂಗಿಕೊಂಡ ಏಕೈಕ ತಪ್ಪು ಇದು, ಹಾಗಾಗಿ ಇದರಿಂದ ಯಾರಿಗೂ ನಷ್ಟವಾಗಲಿಲ್ಲ.

ತಮಗೆ ಅರ್ಥವಾಗದ ನಿಯಂತ್ರಣ ಕರೆಯನ್ನು ಫಿಲ್ಟರ್‌ಗಳು ಸಾಮಾನ್ಯವಾಗಿ ಕೆಳಗಿನದಕ್ಕೆ ದಾಟಿಸುತ್ತವೆ. ಇದು ಸೌಕರ್ಯವೆಂದೇ ಮಾಡಿದ್ದು. ಸರಪಳಿಯಲ್ಲಿ ಎಲ್ಲಿ ಯಾವುದಿದೆ ಎಂದು ಹುಡುಕದೆ ಮೇಲ್ತುದಿಗೆ ಹೇಳಿದರೆ ಸಾಕು. ಅದೇ ಸೌಕರ್ಯದಿಂದಾಗಿ ಸರಪಳಿಯ ಮೇಲೆ ಸೀಕ್ ಕರೆದರೆ, ನಡುವೆ ಸೈಫರ್ ಅರ್ಧ ಬ್ಲಾಕ್, ಬಫರ್ ಸಾವಿರಾರು ಬೈಟ್ ಹಿಡಿದುಕೊಂಡಿದ್ದರೂ ಲೆಕ್ಕಿಸದೆ ಕೆಳಗಿನ ಫೈಲ್ ಮಾತ್ರ ಸರಿಯುತ್ತದೆ. ಕರೆ ಗೆಲ್ಲುತ್ತದೆ, ಡೇಟಾ ಸೋಲುತ್ತದೆ.

ಏನು ತೀರ್ಮಾನಿಸಿದರು

ತುರ್ತು ಆವೃತ್ತಿಯಲ್ಲಿ ಎರಡೇ ಬದಲಾವಣೆ. ನಡುವಿನ ಫ್ಲಶ್‌ಗಳನ್ನು ತೆಗೆದರು. ಓದುವ ಬದಿಯಲ್ಲಿ ಲೂಪ್ ಮುಗಿದ ಮೇಲೆ ಸೈಫರ್ ಸ್ಟೇಟಸ್ 1 ಅಲ್ಲದಿದ್ದರೆ ಫೈಲ್ ಕೆಟ್ಟಿದೆ ಎಂದು ಹೇಳಿ ದೋಷದ ಸಂಕೇತದೊಂದಿಗೆ ನಿರ್ಗಮಿಸುವಂತೆ ಮಾಡಿದರು. ಡೈಜೆಸ್ಟ್ ಸರಿಪಡಿಸುವುದನ್ನು ಬೇಕೆಂದೇ ಮುಂದಿನ ಆವೃತ್ತಿಗೆ ಇಟ್ಟರು. ಒಟ್ಟಿಗೆ ಮಾಡಿದ್ದರೆ ಹೊಸ ದೂರು ಬಂದಾಗ ಯಾವುದರಿಂದ ಎಂದು ಹೇಳಲು ಆಗುತ್ತಿರಲಿಲ್ಲ. ಈ ಸಂಯಮವನ್ನು ನಾನು ಮೆಚ್ಚಿದೆ.

ವಿದ್ಯುತ್ ಹೋಗುವ ಚಿಂತೆಗೆ ಸರಿಯಾದ ಜಾಗದಲ್ಲಿ ಉತ್ತರ ಸಿಕ್ಕಿತು. ಫ್ಲಶ್ ಅನ್ನು ಮೇಲ್ತುದಿಯಲ್ಲಿ ಕರೆಯುವ ಬದಲು ಬಫರ್ ಬಿಐಒ ಮೇಲೆ ಕರೆದರೆ ಅದು ಅಲ್ಲಿಂದ ಕೆಳಕ್ಕೆ ಮಾತ್ರ ಹೋಗುತ್ತದೆ. ಈಗಾಗಲೇ ತಯಾರಾದ ಬ್ಲಾಕ್‌ಗಳು ಹೊರಬೀಳುತ್ತವೆ, ಸೈಫರ್‌ಗೆ ಸುದ್ದಿ ಮುಟ್ಟುವುದಿಲ್ಲ. ಅಷ್ಟಕ್ಕೆ ಡೇಟಾ ಡಿಸ್ಕ್ ಸೇರಿತು ಎಂದಲ್ಲ. ಫೈಲ್ ಬಿಐಒನ ಫ್ಲಶ್ ಎಂದರೆ ಎಫ್‌ಫ್ಲಶ್, ಅದು ಆಪರೇಟಿಂಗ್ ಸಿಸ್ಟಂನ ಕೈಗೆ ಕೊಟ್ಟು ಸುಮ್ಮನಾಗುತ್ತದೆ. ವಿದ್ಯುತ್ ಹೋದರೂ ಉಳಿಯಬೇಕೆಂದರೆ ಡಿಸ್ಕ್‌ಗೇ ಬರೆಸುವ ಎಫ್‌ಸಿಂಕ್ ಬೇಕು. ಅಂದರೆ ಇಷ್ಟೆಲ್ಲ ಅವಾಂತರಕ್ಕೆ ಕಾರಣವಾದ ಆ ಎರಡು ಸಾಲು ತಮ್ಮ ಮೂಲ ಉದ್ದೇಶವನ್ನೂ ಪೂರೈಸುತ್ತಿರಲಿಲ್ಲ.

ರಿಟರ್ನ್ ಮೌಲ್ಯಗಳ ಬಗ್ಗೆ ಸಣ್ಣ ವಾಗ್ವಾದ ನಡೆಯಿತು. ಎಲ್ಲ ನಿಯಂತ್ರಣ ಕರೆಗಳನ್ನೂ ಒಂದೇ ಮ್ಯಾಕ್ರೋದೊಳಗೆ ಹಾಕಿ, ಗೆದ್ದರೆ 1 ಸೋತರೆ 0 ಎಂದು ಏಕರೂಪಗೊಳಿಸೋಣ ಎಂಬ ಸಲಹೆ ಬಂತು. ನಾನು ವಿರೋಧಿಸಿದೆ. ಬಿಐಒ ನಿಯಂತ್ರಣದಲ್ಲಿ 0 ಎಂದರೆ ಈ ಬಿಐಒಗೆ ಆ ಕರೆ ಗೊತ್ತಿಲ್ಲ ಎಂದಿರಬಹುದು, ದೋಷವಾಗಿದೆ ಎಂದಿರಬಹುದು, ಇಒಎಫ್ (ಡೇಟಾ ಮುಗಿಯಿತೇ) ಎಂದು ಕೇಳಿದ್ದರೆ ಇನ್ನೂ ಕೊನೆ ಬಂದಿಲ್ಲ ಎಂದಿರಬಹುದು, ಫೈಲ್ ಮೇಲಿನ ಸೀಕ್ ಆಗಿದ್ದರೆ ಗೆಲುವೂ ಇರಬಹುದು. ನಾಲ್ಕು ಅರ್ಥಗಳನ್ನು ಒಂದು ಮ್ಯಾಕ್ರೋ ಬಿಡಿಸಲಾರದು. ತಡೆರಹಿತ ಸಾಕೆಟ್ ಇದ್ದರೆ ಫ್ಲಶ್‌ನ 0 ಅಥವಾ -1 ಕೂಡ ಸೋಲಲ್ಲ, ಆಮೇಲೆ ಮತ್ತೆ ಪ್ರಯತ್ನಿಸು ಎಂಬ ಕೋರಿಕೆ ಇರಬಹುದು. ಅದನ್ನು ಶುಡ್‌ರಿಟ್ರೈ ಎಂಬ ಕರೆಯಿಂದ ಕೇಳಬೇಕು.

ಕೊನೆಗೆ ಉದ್ದೇಶದ ಹೆಸರಿನಲ್ಲಿ ಮೂರು ಪುಟ್ಟ ಫಂಕ್ಷನ್ ಬರೆದರು. ‘ಮುಗಿಸು’ ಎಂಬುದು ಮೇಲ್ತುದಿಯಲ್ಲಿ ಒಮ್ಮೆ ಮಾತ್ರ ಫ್ಲಶ್ ಮಾಡುತ್ತದೆ, ಎರಡನೇ ಸಲ ಕರೆದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ‘ಡಿಸ್ಕ್‌ಗೆ ತಲುಪಿಸು’ ಎಂಬುದು ಬಫರ್‌ನಿಂದ ಕೆಳಕ್ಕೆ ಫ್ಲಶ್ ಮಾಡಿ ಎಫ್‌ಸಿಂಕ್ ಕರೆಯುತ್ತದೆ. ‘ಹೆಡರ್‌ಗೆ ಹೋಗು’ ಎಂಬುದು ತುದಿಯ ಬಿಐಒನ ಪಾಯಿಂಟರ್ ಹಿಡಿದು ಅದರ ಮೇಲೇ ಸೀಕ್ ಮಾಡುತ್ತದೆ, ಉತ್ತರ ಸೊನ್ನೆಗಿಂತ ಕಡಿಮೆ ಇದ್ದರೆ ಮಾತ್ರ ಸೋಲೆಂದು ಎಣಿಸುತ್ತದೆ. ಫೈಲ್ ಇರಲಿ ಡಿಸ್ಕ್ರಿಪ್ಟರ್ ಇರಲಿ ಈ ನಿಯಮ ನಡೆಯುತ್ತದೆ. ‘ಮುಗಿಸು’ ಆಗುವ ಮೊದಲು ಇದನ್ನು ಕರೆಯುವಂತಿಲ್ಲ. ಸರಪಳಿಯ ಮೇಲೆ ರೀಸೆಟ್ ಕರೆಯುವುದನ್ನು ನಿಷೇಧಿಸಿ, ಕೋಡ್ ಒಳಬರುವಾಗಲೇ ಆ ಹೆಸರನ್ನು ಹುಡುಕಿ ತಡೆಯುವ ಒಂದು ತಪಾಸಣೆ ಹಾಕಿದರು. ಪರೀಕ್ಷೆಗಳು ಈಗ ಫೈಲ್, ಡಿಸ್ಕ್ರಿಪ್ಟರ್, ಪೈಪ್ ಮೂರರ ಮೇಲೂ ಓಡುತ್ತವೆ, 36 ಬೈಟ್‌ಗಳ ಪ್ರಯೋಗವೂ ಅವುಗಳಲ್ಲೊಂದು.

ಹೊಸ ಸ್ವರೂಪದ ಚರ್ಚೆಯಲ್ಲಿ ಸೈಫರ್ ಬಿಐಒ ಅನ್ನೇ ಕೈಬಿಟ್ಟರು. ಡೇಟಾವನ್ನು 1 ಎಂಬಿಯ ತುಂಡುಗಳಾಗಿಸಿ, ಪ್ರತಿ ತುಂಡನ್ನೂ ಎಇಎಸ್-256 ಜಿಸಿಎಂನಲ್ಲಿ ಲೈಬ್ರರಿಯ ಇವಿಪಿ ಎಂಬ ಎನ್‌ಕ್ರಿಪ್ಶನ್ ಫಂಕ್ಷನ್‌ಗಳಿಂದ ನೇರವಾಗಿ ಎನ್‌ಕ್ರಿಪ್ಟ್ ಮಾಡಿ, ತುಂಡನ್ನು ಯಾರೂ ತಿದ್ದಿಲ್ಲವೆಂದು ತಾಳೆ ನೋಡಲು 16 ಬೈಟ್‌ಗಳ ಟ್ಯಾಗ್ ಸೇರಿಸುವುದು. ಬಿಐಒ ಉಳಿದದ್ದು ಫೈಲ್‌ಗೆ ಬರೆಯುವ ಕೆಲಸಕ್ಕೆ ಮಾತ್ರ. ಇಡೀ ಫೈಲ್‌ಗೆ ಒಂದೇ ಟ್ಯಾಗ್ ಸಾಲದೇ ಎಂದು ಕೇಳಿದವರಿದ್ದರು. ಒಂದೇ ಟ್ಯಾಗ್ ಇದ್ದರೆ ಫೈಲ್ ಪೂರ್ತಿ ಓದುವವರೆಗೂ ಅದು ನಂಬಲರ್ಹವೇ ಎಂದು ಗೊತ್ತಾಗದು, ಅಷ್ಟರಲ್ಲಿ ಪಠ್ಯವನ್ನು ಹೊರಗೆ ಬರೆದಾಗಿರುತ್ತದೆ. ತುಂಡಾದರೆ ಟ್ಯಾಗ್ ತಾಳೆಯಾದ ಮೇಲೆ 1 ಎಂಬಿ ಹೊರಬಿಡಬಹುದು, ವಿದ್ಯುತ್ ಹೋದರೆ ಅಲ್ಲಿಯವರೆಗಿನ ತುಂಡುಗಳು ಪೂರ್ಣವಾಗಿ ಉಳಿಯುತ್ತವೆ. ತುಂಡಿನ ಕ್ರಮಸಂಖ್ಯೆಯನ್ನೂ ಇದು ಕೊನೆಯದೇ ಎಂಬ ಗುರುತನ್ನೂ ಟ್ಯಾಗ್‌ನ ವ್ಯಾಪ್ತಿಗೆ ಸೇರಿಸಬೇಕು ಎಂದು ನಾನು ಪಟ್ಟುಹಿಡಿದೆ. ಇಲ್ಲದಿದ್ದರೆ ಬಾಲದ ತುಂಡುಗಳನ್ನು ಯಾರಾದರೂ ಕತ್ತರಿಸಿದರೂ ಉಳಿದದ್ದೆಲ್ಲ ಸರಿಯಾಗಿಯೇ ತೆರೆದುಕೊಳ್ಳುತ್ತದೆ, ಮತ್ತೆ ಮೊದಲಿನ ದೂರಿಗೇ ಬಂದು ನಿಲ್ಲುತ್ತೇವೆ.

ಕೆಟ್ಟುಹೋದವುಗಳ ಪಾಡು

ಈಗಾಗಲೇ ಹಾಳಾದ ಫೈಲ್‌ಗಳಲ್ಲಿ ಎಷ್ಟು ಉಳಿಸಬಹುದು ಎಂಬ ಪ್ರಶ್ನೆಗೆ ಉತ್ತರ ನಿರೀಕ್ಷೆಗಿಂತ ಚೆನ್ನಾಗಿತ್ತು. ಸಾಧನ 64 ಕೆಬಿ ಗಾತ್ರದ ತುಂಡುಗಳಲ್ಲಿ ಬರೆಯುತ್ತಿದ್ದುದರಿಂದ ಮೊದಲ ಫ್ಲಶ್ ಬ್ಲಾಕಿನ ಅಂಚಿನಲ್ಲೇ ಬೀಳುತ್ತಿತ್ತು. ಹಾಗಾಗಿ ಪ್ಯಾಡಿಂಗ್ ತಪಾಸಣೆ ಇಲ್ಲದೆ ಡಿಕ್ರಿಪ್ಟ್ ಮಾಡಿ, ಆವೃತ್ತಿಗೆ ತಕ್ಕಂತೆ 83,88,608ನೇ ಅಥವಾ 10,48,576ನೇ ಬೈಟ್‌ಗೆ ಹೋಗಿ, ಅಲ್ಲಿಂದ ಹದಿನಾರು ಬೈಟ್‌ಗಳೂ 16 ಎಂಬ ಮೌಲ್ಯವೇ ಆಗಿದ್ದರೆ ಮಾತ್ರ ತೆಗೆದುಹಾಕಿದರೆ ನಡುಭಾಗ ನೆಟ್ಟಗಾಗುತ್ತದೆ. ಸಿಬಿಸಿ ಸರಣಿ ಮುರಿಯದೆ ಮುಂದುವರಿದಿದ್ದರಿಂದ ಉಳಿದ ಬ್ಲಾಕ್‌ಗಳಿಗೆ ತೊಂದರೆಯಿಲ್ಲ. ಓದುವ ಬದಿ ತಡೆಹಿಡಿದಿದ್ದ ಕೊನೆಯ 16 ಬೈಟ್ ಕೂಡ ಸಿಗುತ್ತವೆ. ಸಿಗದಿರುವುದು ಸೈಫರ್‌ನ ಒಳಗೇ ಉಳಿದ ಚೂರು, ಒಂದು ಫೈಲ್‌ಗೆ ಹೆಚ್ಚೆಂದರೆ 15 ಬೈಟ್. ಅವು ಡಿಸ್ಕ್ ಮುಟ್ಟಿರಲೇ ಇಲ್ಲ.

ಆ 15 ಬೈಟ್‌ಗಳಲ್ಲಿ ಬಹುಪಾಲು ಕಡೆ ಇದ್ದದ್ದು ಒಟ್ಟು ದಾಖಲೆಗಳ ಸಂಖ್ಯೆ. ಲಾಗ್‌ನ ಸಾಲುಗಳನ್ನು ಎಣಿಸಿ ಅದನ್ನು ಮತ್ತೆ ಬರೆಯಬಹುದು, ಬರೆದುಬಿಡೋಣ ಎಂದು ಒಬ್ಬರೆಂದರು. ಬಹಳ ಹೊತ್ತು ಚರ್ಚೆಯಾಗಿ ಆ ಸಲಹೆಯನ್ನು ಬಿಟ್ಟರು. ಎಣಿಸಿ ಬರೆದ ಸಂಖ್ಯೆ ಎಣಿಕೆಗೆ ಹೊಂದಿಯೇ ಹೊಂದುತ್ತದೆ, ತಾಳೆ ನೋಡುವುದಕ್ಕೆ ಅರ್ಥವೇ ಇರುವುದಿಲ್ಲ. ದುರಸ್ತಿ ಸಾಧನ ಈಗ ಕೊನೆಯ ಸಾಲನ್ನು ತುಂಡಾಗಿಯೇ ಬಿಡುತ್ತದೆ, ಪಕ್ಕದಲ್ಲಿ ಒಂದು ಪ್ರತ್ಯೇಕ ಫೈಲ್ ಇಟ್ಟು ಎಷ್ಟನೇ ಬೈಟ್‌ನಿಂದ ಏನು ತೆಗೆದೆ, ಎಲ್ಲಿಗೆ ನಿಲ್ಲಿಸಿದೆ ಎಂದು ಬರೆಯುತ್ತದೆ. ಮುಂದಿನ ಪ್ರೋಗ್ರಾಂ ಅಂಥ ಫೈಲ್‌ಗಳನ್ನು ಈಗಲೂ ತಿರಸ್ಕರಿಸುತ್ತದೆ. ಒಬ್ಬ ಮನುಷ್ಯ ಆ ಟಿಪ್ಪಣಿ ಓದಿ ಒಪ್ಪಿಗೆ ಕೊಟ್ಟ ಮೇಲಷ್ಟೇ ಒಳಗೆ ಬಿಡುತ್ತದೆ. ಡೈಜೆಸ್ಟ್ ಜಾಗದಲ್ಲಿ ಸೊನ್ನೆ ಇರುವ ಹಳೆಯ ಫೈಲ್‌ಗಳು ಇನ್ನೂ ತೆರೆಯುತ್ತವೆ, ಆದರೆ ‘ಪರಿಶೀಲಿಸಿಲ್ಲ’ ಎಂಬ ಬೇರೆಯದೇ ನಿರ್ಗಮನ ಸಂಕೇತದೊಂದಿಗೆ. ಪೈಪ್‌ಗೆ ಬರೆಯುವ ಸೌಲಭ್ಯವನ್ನು ಹಳೆಯ ಸ್ವರೂಪದಲ್ಲಿ ತೆಗೆದುಹಾಕಬೇಕೇ ಎಂಬ ಬಗ್ಗೆ ತಂಡದಲ್ಲಿ ಒಮ್ಮತ ಮೂಡಲಿಲ್ಲ. ನಾನು ವರದಿ ಕೊಟ್ಟು ಹೊರಡುವಾಗ ಅದು ಬಾಕಿ ವಿಷಯಗಳ ಪಟ್ಟಿಯಲ್ಲೇ ಇತ್ತು.